ನಮ್ಮನೆ ಡೈನೋಸಾರ್ ಬಲು ಸಾಧು

ಬೇರೆಯವರ ಮನೆಗಳಲ್ಲಿ ಊಟವಾದ ಮೇಲೆ ಮಕ್ಕಳು ಮಲಗುತ್ತವಂತೆ. ನಮ್ಮ ಮನೆಯಲ್ಲಿ ಊಟವಾದ ಮೇಲೆ ಪಂಚಾಯಿತಿ ಶುರುವಾಗುತ್ತದೆ. ವಾರಕ್ಕೊಂದು ಗಲಾಟೆ ತಪ್ಪಿದ್ದಲ್ಲ, ಪ್ರತಿ ಗಲಾಟೆಯ ನಡುವೆಯೂ ಒಂದು ಡೈನೋಸಾರ್ ನಿಂತಿರುತ್ತದೆ.

ಮೊದಲು ನನ್ನ ಕೇಳುಗರ ಪರಿಚಯ ಮಾಡಿಕೊಡುತ್ತೇನೆ. ನನ್ನ ಮಗಳಿಗೆ ಮೂರೂವರೆ ವರ್ಷ, ಅವಳು ಚಿಕ್ಕದು. ಮಗನಿಗೆ ಆರು, ಅವನು ನಡುವಿನವನು. ಭಾವನ ಮಗಳಿಗೆ ಹನ್ನೊಂದು, ಅವಳು ದೊಡ್ಡವಳು. ಮೂವರಿಗೂ ಒಂದೇ ಹಾಸಿಗೆ, ಒಂದೇ ಕಥೆ. ಚಿಕ್ಕದಕ್ಕೆ ಹೆದರಿಕೆ ಆಗಬಾರದು, ನಡುವಿನವನಿಗೆ ಹೊಡೆದಾಟ ಬೇಕು, ದೊಡ್ಡವಳಿಗೆ ಎಲ್ಲವೂ ಪುಸ್ತಕದಲ್ಲಿ ಇದ್ದ ಹಾಗೇ ಇರಬೇಕು. ಡೈನೋಸಾರ್ ಮಾತ್ರ ಮೂವರಿಗೂ ಬೇಕು. ಖಾರ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಒಂದೇ ಪಾತ್ರೆಯಲ್ಲಿ ಸಾರು ಮಾಡಿದವರಿಗೆ ನನ್ನ ಕಷ್ಟ ಗೊತ್ತಾದೀತು.

ನಮ್ಮ ಮನೆಯಲ್ಲಿ ಎಲ್ಲರೂ ಓದಿದವರು. ಗಂಡ ಬಿ.ಕಾಂ., ಭಾವ ಡಿಪ್ಲೊಮಾ, ವಾರಗಿತ್ತಿ ಬಿ.ಎಡ್. ಮಾಡಿರುವ ಟೀಚರ್. ನಾನು ಸೊರಬದಲ್ಲಿ ಹತ್ತನೇ ಕ್ಲಾಸು ಮುಗಿಸಿ ಶಿಕಾರಿಪುರಕ್ಕೆ ಸೊಸೆಯಾಗಿ ಬಂದವಳು. ಹಗಲೆಲ್ಲ ಅವರು ಹೇಳಿದ್ದನ್ನು ನಾನು ಕೇಳುತ್ತೇನೆ. ಒಂಬತ್ತರಿಂದ ಒಂಬತ್ತೂವರೆಯವರೆಗೆ ಮಾತ್ರ ನಾನು ಹೇಳಿದ್ದನ್ನು ಮೂರು ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಆ ಅರ್ಧ ಗಂಟೆಯನ್ನು ಯಾರಿಗೂ ಬಿಟ್ಟುಕೊಡಲು ನಾನು ತಯಾರಿಲ್ಲ.

ವಾರಗಿತ್ತಿ ಒಂದು ದಿನ ಹೇಳಿಯೇಬಿಟ್ಟಳು: "ಫೋನಿನಲ್ಲಿ ಎಷ್ಟು ಚೆನ್ನಾಗಿರೋ ಇಂಗ್ಲಿಷ್ ಕಥೆ ಬರ್ತವೆ. ಮಕ್ಕಳ ಇಂಗ್ಲಿಷಾದ್ರೂ ಸುಧಾರಿಸುತ್ತೆ. ನೋಡು, ನಿನ್ನ ಕಥೆ ಕೇಳಿ ಚಿಕ್ಕದು ಒಂದೇ ಒಂದು ರಾತ್ರಿ ಹೆದರಿ ಕಿರುಚಿದ್ರೂ ಕಥೆ ಬಂದ್, ಫೋನ್ ಶುರು."

ಅವತ್ತಿನಿಂದ ನನ್ನ ಡೈನೋಸಾರ್ ಇರುವೆ ಕಂಡರೂ ದಾರಿ ಬಿಟ್ಟು ನಡೆಯುತ್ತದೆ.

ಊಟದ ವಿಚಾರ

ಒಂದು ರಾತ್ರಿ ಕಥೆಯ ನಡುವೆ ಅತ್ತೆ ಕೋಣೆಗೆ ಬಂದು ಕೂತರು. ಸ್ವಲ್ಪ ಹೊತ್ತು ಕೇಳಿ, "ಅದೆಲ್ಲಾ ಸರಿ, ಅದು ತಿನ್ನೋದೇನು?" ಅಂದರು.

ನಡುವಿನವನಿಗೆ ಇಂಥ ಅವಕಾಶ ಸಿಕ್ಕರೆ ಬಿಡುತ್ತಾನೆಯೇ? "ಮಾಂಸ ಅಜ್ಜಿ! ಹಸೀದು! ಮೂಳೆ ಸಮೇತ!"

ಅತ್ತೆ ನನ್ನ ಕಡೆ ತಿರುಗಿದರು. "ಪಕ್ಕದಾಗೇ ದೇವರ ಮನೆ ಐತೆ. ಮಲಗೋ ಹೊತ್ತಿನಾಗೆ ಮನೆ ತುಂಬಾ ಮೂಳೆ ಚೆಲ್ಲಬ್ಯಾಡ. ಬದಲಾಯಿಸು."

ಬದಲಾಯಿಸಿದೆ. ಒಂದೇ ರಾತ್ರಿಯಲ್ಲಿ ಡೈನೋಸಾರ್ ಮಾಂಸ ಬಿಟ್ಟು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯಕ್ಕೆ ಬಂತು. ಅತ್ತೆಗೆ ಸಮಾಧಾನವಾಯಿತು. ಆದರೆ ಚಿಕ್ಕದು ಎದ್ದು ಕೂತು, "ಎಷ್ಟು ರೊಟ್ಟಿ ತಿನ್ನುತ್ತೆ?" ಅಂತ ಕೇಳಿತು.

"ಅದರ ಹೊಟ್ಟೆ ನಮ್ಮ ಟ್ರ್ಯಾಕ್ಟರ್ ಷೆಡ್ಡಿನಷ್ಟಿದೆ. ನಾನೂರು ರೊಟ್ಟಿಯಾದರೂ ಬೇಕು."

ಅತ್ತೆಯ ಮುಖದ ಸಮಾಧಾನ ಅಲ್ಲೇ ಮಾಯವಾಯಿತು. ಬೆಳಗ್ಗೆ ಎದ್ದರೆ ರೊಟ್ಟಿ ಬಡಿಯುವುದರಲ್ಲೇ ಆಯುಸ್ಸು ಕಳೆದವರು ಅವರು.

"ಮುಂಜಾನೆ ನಾನೂರಾ?"

"ಸಂಜೆಗೂ ನಾನೂರು."

"ಬಡಿಯೋರ್ಯಾರು?"

"ಅದರ ಅತ್ತೆ," ಅಂದೆ ನಾನು.

ಅತ್ತೆ ಮೊಣಕಾಲು ಹಿಡಿದುಕೊಂಡು ಮೇಲೆದ್ದರು. ಬಾಗಿಲವರೆಗೆ ಹೋಗಿ ನಿಂತು, ಯೋಚಿಸಿ, ತೀರ್ಪು ಕೊಟ್ಟರು: "ಹೋಗ್ಲಿ ಬಿಡು. ಅದು ಹೊರಗೇ ಏನಾರ ತಿನ್ನಲಿ. ಸ್ನಾನ ಮಾಡ್ಕೊಂಡು ಒಳಗೆ ಬರ್ಲಿ. ಏನ್ ತಿಂತು ಅಂತ ಮಾತ್ರ ನನ್ನ ಮುಂದೆ ಹೇಳಬಾರದು."

ಎಲ್ಲಿ ಹೋದವು?

ದೊಡ್ಡವಳ ಹತ್ತಿರ ಡೈನೋಸಾರ್ ಪುಸ್ತಕವೊಂದಿದೆ. ಅದು ಬಂದ ಮೇಲೆ ನನ್ನ ಪ್ರತಿ ವಾಕ್ಯಕ್ಕೂ ಕೆಂಪು ಶಾಯಿ.

"ಚಿಕ್ಕಮ್ಮ, ಡೈನೋಸಾರ್ ಅಂಗಡಿಗೆ ಹೋಗೋಕೆ ಸಾಧ್ಯ ಇಲ್ಲ. ಆಗ ಅಂಗಡಿ ಇರಲಿಲ್ಲ. ಮನುಷ್ಯರೇ ಇರಲಿಲ್ಲ."

"ಶಾಲೆನೂ ಇರಲಿಲ್ಲ, ಪರೀಕ್ಷೆನೂ ಇರಲಿಲ್ಲ. ಅದಕ್ಕೇ ಅವು ಅಷ್ಟು ದಪ್ಪ ಇದ್ದವು. ಮಲಗು."

ಅವಳು ಮಲಗಲಿಲ್ಲ. "ಕೊನೆಗೆ ಆಕಾಶದಿಂದ ಒಂದು ದೊಡ್ಡ ಕಲ್ಲು ಬಿದ್ದು ಎಲ್ಲಾ ಡೈನೋಸಾರ್‌ಗಳೂ..." ಅನ್ನುವಷ್ಟರಲ್ಲಿ ಚಿಕ್ಕದರ ತುಟಿ ನಡುಗತೊಡಗಿತು. ಬಾಗಿಲ ಹೊರಗೆ ವಾರಗಿತ್ತಿಯ ಬಳೆ ಸದ್ದೂ ಕೇಳಿತು. ಇನ್ನೊಂದು ಕ್ಷಣ ಬಿಟ್ಟರೆ ನನ್ನ ಅರ್ಧ ಗಂಟೆ ಫೋನಿನ ಪಾಲು.

"ಎಲ್ಲಾ ಡೈನೋಸಾರ್‌ಗಳೂ ತವರಿಗೆ ಹೋದವು," ಅಂದುಬಿಟ್ಟೆ.

ಚಿಕ್ಕದರ ತುಟಿಯ ನಡುಕ ನಿಂತಿತು. "ಯಾವಾಗ ವಾಪಸ್ ಬರ್ತವೆ?"

ನಡುಮನೆಯಿಂದ ನನ್ನ ಗಂಡ ಕೇಳದೆಯೇ ಉತ್ತರ ಕೊಟ್ಟ: "ತವರಿಗೆ ಹೋದವರು ಅಷ್ಟು ಬೇಗ ಬರಲ್ಲ ಪುಟ್ಟಾ. ನಿಮ್ಮಮ್ಮನ್ನ ನೋಡಿಲ್ವಾ?"

ದೊಡ್ಡವಳು ಪುಸ್ತಕ ನೋಡಿ, "ಆರು ಕೋಟಿ ವರ್ಷದ ಮೇಲಾಯ್ತು ಚಿಕ್ಕಪ್ಪ!" ಅಂದಳು.

ನಾನು ಅಂದೆ: "ಅಷ್ಟು ವರ್ಷ ಆದ್ರೂ ಒಂದೂ ವಾಪಸ್ ಬಂದಿಲ್ಲ ಅಂದ್ರೆ, ಗಂಡನ ಮನೆ ಹೆಂಗಿತ್ತು ಅಂತ ನೀವೇ ಲೆಕ್ಕ ಹಾಕ್ರಿ."

ಆಧಾರ್ ಕಾರ್ಡು

ನಡುವಿನವನ ತಲೆ ನೇರವಾಗಿ ಓಡುತ್ತದೆ. ಡೈನೋಸಾರ್ ತವರಿಗೆ ಹೋಗಿದೆ. ಅಮ್ಮನ ತವರು ಸೊರಬ. ಹಾಗಾದರೆ ಡೈನೋಸಾರ್ ಸೊರಬದಲ್ಲಿದೆ. ರಜೆಯಲ್ಲಿ ಮೂವರನ್ನೂ ಕಟ್ಟಿಕೊಂಡು ತವರಿಗೆ ಹೊರಟಾಗ, ಇಲ್ಲೇ ಉಳಿದುಹೋದ ಒಂದು ಡೈನೋಸಾರನ್ನು ನಮ್ಮ ಜೊತೆಗೇ ಕರೆದುಕೊಂಡು ಹೋಗೋಣ, ಪಾಪ, ಅದಕ್ಕೆ ದಾರಿ ಗೊತ್ತಿಲ್ಲ ಅಂತ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿಬಿಟ್ಟ. ಜನ ನಿಂತಿದ್ದಾರೆ, ಸೀಟು ಖಾಲಿ ಇದೆ. ಕಂಡಕ್ಟರ್ ಬಂದರು.

"ಯಾರದಪ್ಪಾ ಈ ಸೀಟು?"

"ಡೈನೋಸಾರ್‌ದು."

ಕಂಡಕ್ಟರ್ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ಯಾರದೋ ಮೆಕ್ಕೆಜೋಳದ ಹೊಲ ನೋಡಿದೆ.

"ಗಂಡೋ, ಹೆಣ್ಣೋ?"

"ಹೆಣ್ಣು."

"ಹೆಣ್ಣಾದ್ರೆ ಟಿಕೆಟ್ ಬ್ಯಾಡ. ಆಧಾರ್ ಕಾರ್ಡ್ ತೋರ್ಸಾಕೆ ಹೇಳು."

ಸುತ್ತ ನಾಲ್ಕು ಸೀಟಿನವರು ಕತ್ತು ತಿರುಗಿಸಿದರು. ನನ್ನ ಮಗ ಒಂದು ಕ್ಷಣವೂ ತಡವರಿಸಲಿಲ್ಲ. "ಇನ್ನೂ ಆಗಿಲ್ಲ ಅಂಕಲ್. ಅದಕ್ಕೆ ಕೈ ಗಿಡ್ಡ. ಬೆರಳು ಒತ್ತೋ ಮಿಷನ್ನಿಗೆ ಎಟುಕಲ್ಲ. ಮೂರು ಸಲ ವಾಪಸ್ ಕಳಿಸಿದ್ರು."

ಹಿಂದಿನ ಸಾಲಿನಿಂದ ರುಮಾಲು ಸುತ್ತಿದ ಅಜ್ಜ ಒಬ್ಬರು ನಿಟ್ಟುಸಿರು ಬಿಟ್ಟರು. "ನಂದೂ ಅದೇ ಕಥೆ ಕಣಪ್ಪಾ. ಗುದ್ದಲಿ ಹಿಡಿದು ಬೆರಳಿನ ಗೆರೆನೇ ಸವೆದು ಹೋಗೈತೆ ಅಂತಾರೆ. ಸೋಮವಾರ ಬರಾಕೆ ಹೇಳು ಅದಕ್ಕೆ, ಇಬ್ಬರೂ ಜೊತೆಗೇ ಹೋಗ್ತೀವಿ."

ಪಕ್ಕದ ಮನೆಯ ಕೋಳಿ

ಸೊರಬಕ್ಕೆ ಹೋದವರು ಗುಡವಿಯ ಪಕ್ಷಿಧಾಮಕ್ಕೆ ಹೋಗದೆ ಬರುವುದುಂಟೇ? ಕೆರೆಯ ಮರಗಳ ತುಂಬ ಹಕ್ಕಿ. ದೊಡ್ಡವಳು ಅಲ್ಲೂ ಪುಸ್ತಕ ಬಿಚ್ಚಿದಳು: "ಹಕ್ಕಿಗಳೆಲ್ಲಾ ಡೈನೋಸಾರ್ ವಂಶದವೇ."

ನನ್ನ ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಮರ ನೋಡಿದಳು. "ಎಂತ ಹೇಳ್ತೀಯೇ ಮಾರಾಯ್ತಿ? ಈ ಬೆಳ್ಳಕ್ಕಿನಾ? ನಾನು ಹುಟ್ಟಿದಾಗಿಂದ ನೋಡ್ತಿದೀನಿ, ಒಂದಾದರೂ ಬಾಯಿಬಿಟ್ಟು ಹೇಳ್ಲಿಲ್ವಲ್ಲೇ!"

ಚಿಕ್ಕದು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿತು. ಶಿಕಾರಿಪುರಕ್ಕೆ ಬಂದ ಮರುದಿನವೇ ಪಕ್ಕದ ಮನೆಯಾಕೆಯ ಕೆಂಪು ಹುಂಜದ ಮುಂದೆ ಕೂತು ಅಕ್ಕಿ ನುಚ್ಚು ಹಾಕುತ್ತಾ, "ನಿಮ್ಮಜ್ಜ ಬಲು ದೊಡ್ಡೋರಿದ್ರಂತೆ, ಅಲ್ವಾ?" ಅಂತ ಮಾತಾಡಿಸುತ್ತಿತ್ತು. ಹೀಗೆ ಹದಿನೈದು ದಿನ ನಡೆಯಿತು. ಹದಿನಾರನೇ ದಿನ ಭಾನುವಾರ. ಹುಂಜ ಇಲ್ಲ. ಆ ಮನೆಯಿಂದ ಮಸಾಲೆ ಹುರಿಯುವ ವಾಸನೆ ಮಾತ್ರ ಬರುತ್ತಿದೆ.

ಚಿಕ್ಕದು ನುಚ್ಚಿನ ಬಟ್ಟಲು ಹಿಡಿದು ಅವರ ಬಾಗಿಲಲ್ಲಿ ನಿಂತಿತು. "ಆಂಟೀ, ಡೈನೋಸಾರ್ ಎಲ್ಲಿ?"

ನಾನು ಹಿಂದೆಯೇ ಓಡಿದೆ. ನಿಜ ಗೊತ್ತಾದರೆ ಆ ರಾತ್ರಿ ಮನೆ ಹಾರಿಹೋಗುವಂತೆ ಕಿರುಚಾಟ, ಮಾರನೇ ದಿನದಿಂದ ಫೋನು. ಪಕ್ಕದ ಮನೆಯಾಕೆ ಕೈಯಲ್ಲಿ ಸೌಟು ಹಿಡಿದು ಹೊರಗೆ ಬಂದಳು. ಅವಳ ಅಡುಗೆಮನೆಯ ಕಿಟಕಿ ನಮ್ಮ ಮಕ್ಕಳ ಕೋಣೆಗೆ ಎದುರಾಗೇ ಇದೆ, ನನ್ನ ಕಥೆಗಳನ್ನೆಲ್ಲ ಅವಳೂ ಕೇಳುತ್ತಾಳೆ. ಮಗುವನ್ನು ನೋಡಿದಳು, ನನ್ನನ್ನು ನೋಡಿದಳು.

"ಅದು ತವರಿಗೆ ಹೋತು ಕಂದಾ."

ಚಿಕ್ಕದಕ್ಕೆ ಒಪ್ಪಿಗೆಯಾಯಿತು. "ಊಟ ಮಾಡಿ ಹೋಯ್ತಾ?"

ಆಕೆ ಸೌಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. "ಮಾಡ್ಲಿಲ್ಲ ಕಂದಾ. ನಮಗೆಲ್ಲಾ ಊಟ ಹಾಕಿ ಹೋತು."

ನನ್ನ ಗಂಟಲು ಕೆಟ್ಟದ್ದು

ಇಷ್ಟೆಲ್ಲ ದಾಟಿ ಬಂದ ನನ್ನ ಅರ್ಧ ಗಂಟೆಗೆ ಕುತ್ತು ಬಂದದ್ದು ನನ್ನ ಗಂಟಲಿನಿಂದಲೇ. ನೆಗಡಿ ಬಂದು, ಕೆಮ್ಮು ಬಂದು, ಸ್ವರ ಪೂರ್ತಿ ಹೋಯಿತು. ಡಾಕ್ಟರು, "ಮೂರು ದಿನ ಒಂದು ಮಾತೂ ಆಡಬಾರದು" ಅಂದರು. ನನ್ನ ಗಂಡ, "ಐದು ದಿನ ಬರೆದುಬಿಡಿ ಸಾರ್" ಅಂದ. ತಿರುಗಿ ಏನಾದರೂ ಅನ್ನಲು ಬಾಯಿ ತೆರೆದರೆ ಬರೀ ಗಾಳಿ.

ಅವತ್ತು ರಾತ್ರಿ ವಾರಗಿತ್ತಿ ಫೋನು ತಂದು ದಿಂಬಿಗೆ ಒರಗಿಸಿದಳು. ಯಾರೋ ಹೆಂಗಸು ಗಡಗಡನೆ ಇಂಗ್ಲಿಷಿನಲ್ಲಿ ಶುರುಮಾಡಿದಳು. ಚಿಕ್ಕದು ಐದು ನಿಮಿಷ ಕೇಳಿ, "ಇವರು ಯಾರಿಗೆ ಬೈತಿದಾರೆ?" ಅಂತು. ಅಷ್ಟರಲ್ಲಿ ಪರದೆಯ ಮೇಲಿನ ಡೈನೋಸಾರ್ ಬಾಯಿ ತೆರೆದು ಗರ್ಜಿಸಿತು. ಚಿಕ್ಕದು ಒಂದೇ ನೆಗೆತಕ್ಕೆ ನಡುಮನೆ ದಾಟಿ, ಮಂಚದಲ್ಲಿ ಮಲಗಿದ್ದ ನನ್ನ ಮಾವನ ಕುತ್ತಿಗೆ ಹತ್ತಿ ಕೂತಿತು. ವಾರಗಿತ್ತಿ ಫೋನನ್ನು ಚಾರ್ಜಿಗೆ ಹಾಕಿದಳು.

"ಬರ್ರಿ, ನಾನೇ ಹೇಳ್ತೀನಿ," ಅಂದರು ಅತ್ತೆ. ಹೇಳತೊಡಗಿದರು.

"ಒಂದು ಡೈನೋಸಾರ್ ಇತ್ತಂತೆ. ಸೊರಬದ ಕಡೆಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂತಂತೆ. ಏಳಬೇಕಾದ್ರೆ ಏಳು ಗಂಟೆ. ಸಾರಿಗೆ ಉಪ್ಪು ಹಾಕೋದೇ ಮರೀತಿತ್ತಂತೆ. ಅತ್ತೆ ಒಂದು ಅಂದ್ರೆ ಅದು ನಾಲ್ಕು ಅಂತಿತ್ತಂತೆ..."

ನಾನು ಬಾಗಿಲಲ್ಲಿ ನಿಂತು ಕೈಕಾಲು ಆಡಿಸಿದ್ದೇ ಬಂತು. ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ಅತ್ತೆ ನಾಲ್ಕು ವಾಕ್ಯವನ್ನು ಒಂದೇ ಉಸಿರಿಗೆ, ಅಡ್ಡಿಯಿಲ್ಲದೆ ಮುಗಿಸಿದರು. ಅದಕ್ಕಿಂತ ಹೊಟ್ಟೆ ಉರಿಸಿದ್ದೆಂದರೆ, ಮೂರು ಮಕ್ಕಳೂ ಹತ್ತೇ ನಿಮಿಷದಲ್ಲಿ ಗೊರಕೆ ಹೊಡೆದದ್ದು. ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು! ನನ್ನ ಕುರ್ಚಿ ಹೋಯಿತು ಅಂದುಕೊಂಡೆ.

ಎರಡನೇ ರಾತ್ರಿ ಅತ್ತೆ ಕಾಲು ಚಾಚಿ ಕೂತು, "ಒಂದು ಡೈನೋಸಾರ್ ಇತ್ತಂತೆ. ಏಳಬೇಕಾದ್ರೆ ಏಳು ಗಂಟೆ..." ಅಂದರು.

"ಇದು ನಿನ್ನೇದೇ ಅಜ್ಜಿ," ಅಂದಳು ದೊಡ್ಡವಳು.

"ಮುಂದೇನಾಯ್ತು?" ಅಂದ ನಡುವಿನವನು.

ಅತ್ತೆ ಯೋಚಿಸಿದರು. ನನ್ನ ತಪ್ಪುಗಳೆಲ್ಲ ಮೊದಲ ರಾತ್ರಿಯೇ ಖರ್ಚಾಗಿಹೋಗಿದ್ದವು. ಚಿಕ್ಕದು ಗೊಣಗಲು ಶುರುಮಾಡಿತು. ವಾರಗಿತ್ತಿಯ ಕೈ ಚಾರ್ಜರ್ ಕಡೆ ಹೋಯಿತು. ಅತ್ತೆ ನನ್ನತ್ತ ತಿರುಗಿ ದನಿ ತಗ್ಗಿಸಿದರು: "ಏ, ಮುಂದಿಂದು ಬರ್ದಾದ್ರೂ ಕೊಡೇ. ನಾನು ಓದ್ತೀನಿ."

ಡಾಕ್ಟರು ಮಾತಾಡಬೇಡ ಅಂದಿದ್ದರು, ಬರೆಯಬೇಡ ಅಂದಿರಲಿಲ್ಲ. ನಡುವಿನವನ ಹಳೇ ಕಾಪಿ ಪುಸ್ತಕ ತೆಗೆದು ಒಂದು ಪುಟ ಬರೆದೆ. ಅತ್ತೆ ಓದುವುದು ಹೇಗೆಂದರೆ, ಕನ್ನಡಕ ಹಾಕಿಕೊಂಡು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಗಟ್ಟಿಯಾಗಿ. ಮಾತು ಮೊದಲು ಬಾಯಿಂದ ಹೊರಬರುತ್ತದೆ, ಅರ್ಥ ಆಮೇಲೆ ಒಳಗೆ ಹೋಗುತ್ತದೆ.

"ಆ ಸೊಸೆ ಡೈನೋಸಾರ್‌ಗೆ... ಒಂದು ಅತ್ತೆ ಡೈನೋಸಾರ್... ಇತ್ತು. ಬಲು... ಒಳ್ಳೆಯದು."

ಅತ್ತೆ ತಲೆಯೆತ್ತಿ ಎಲ್ಲರನ್ನೂ ನೋಡಿದರು. "ಕೇಳಿದ್ರಾ? ಬಲು ಒಳ್ಳೇದಂತೆ." ದನಿ ಇನ್ನೂ ಏರಿತು.

"ಆ ಅತ್ತೆಗೆ... ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು... ಸಿಹಿ ಮುಟ್ಟಬೇಡ... ಅಂದಿದ್ದರು."

ದನಿ ಸ್ವಲ್ಪ ಇಳಿಯಿತು. ಆದರೆ ಬೆರಳು ಆಗಲೇ ಮುಂದಿನ ಸಾಲಿಗೆ ಹೋಗಿತ್ತು. ಮಕ್ಕಳು ಮೂವರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ವಾರಗಿತ್ತಿ ಫೋನು ಬಿಟ್ಟು ಹಾಸಿಗೆಯ ತುದಿಯಲ್ಲಿ ಬಂದು ಕೂತಳು. ನನ್ನ ಗಂಡನೂ ಬಾಗಿಲಿಗೆ ಬಂದ.

"ಮಧ್ಯಾಹ್ನ... ಎಲ್ಲರೂ ಮಲಗಿದ ಮೇಲೆ... ಅತ್ತೆ ಡೈನೋಸಾರ್... ಮೆಲ್ಲಗೆ ಅಡುಗೆಮನೆಗೆ ಬಂದು... ಡ-ಬ್ಬ-ದ... ತಳದಲ್ಲಿ... ಬಚ್ಚಿಟ್ಟಿದ್ದ... ಬೇ-ಸ-ನ್... ಉಂ..."

ಬೆರಳು ನಿಂತಿತು. ಅತ್ತೆ ಪುಸ್ತಕ ಪಟ್ಟನೆ ಮುಚ್ಚಿ ಮಡಿಲಿಗೆ ಹಾಕಿಕೊಂಡರು.

ನಡುಮನೆಯ ಮಂಚದಲ್ಲಿ ಮಾವ ಎದ್ದು ಕೂತ ಸದ್ದು ಕೇಳಿತು. ಅವರಿಗೂ ಅದೇ ಕಾಯಿಲೆ, ಅದೇ ಡಾಕ್ಟರು, ವರ್ಷದಿಂದ ಅದೇ ಪಥ್ಯ.

"ನಿಲ್ಲಿಸಬ್ಯಾಡ, ಮುಂದೆ ಓದು," ಅಂದರು ಮಾವ. "ಯಾವ ಡಬ್ಬ ಅಂತ ಬರ್ದಿದಾಳೆ ನೋಡು."