ಷಡ್ಡಕನಿಗೆ ಕೊಟ್ಟ ಗ್ಯಾರಂಟಿ

ನಾನು ಓದು ನಿಲ್ಲಿಸಿದ್ದು ೧೯೮೯ನೇ ಇಸವಿಯಲ್ಲಿ, ಏಳನೇ ಕ್ಲಾಸು ಮುಗಿಯುವ ಮುಂಚೆ. ಅದಕ್ಕೆ ನನಗೇನೂ ದುಃಖವಿಲ್ಲ. ಓದಿದ್ದರೆ ಯಾವುದೋ ಆಫೀಸಿನಲ್ಲಿ ಇನ್ನೊಬ್ಬರು ಹೊಲಿದ ಸೀಟಿನ ಮೇಲೆ ಕೂತಿರುತ್ತಿದ್ದೆ; ಓದದೆ ಇದ್ದದ್ದರಿಂದ ಹೊಳೆನರಸೀಪುರದ ಅರ್ಧ ಬೈಕುಗಳು ನಾನು ಹೊಲಿದ ಸೀಟು ಹೊತ್ತು ಓಡಾಡುತ್ತಿವೆ. ಆದರೆ ಹೊಟ್ಟೆಕಿಚ್ಚು ಪಡುವುದರಲ್ಲಿ ನಾನು ಓದಿದವರಿಗಿಂತ ಏನೂ ಕಡಿಮೆಯಿಲ್ಲ. ಲೋಕದವರು ಪಕ್ಕದ ಮನೆಯವರ ಸೈಟು, ಚಿನ್ನ ಕಂಡು ಉರಿಯುತ್ತಾರೆ. ನಾನು ಉರಿಯುವುದು ಒಬ್ಬನೇ ಒಬ್ಬನನ್ನು ಕಂಡು. ನನ್ನ ಷಡ್ಡಕ ಚಂದ್ರಶೇಖರಣ್ಣ, ಅಂದರೆ ನನ್ನ ಹೆಂಡತಿ ಶಾಂತಳ ಅಕ್ಕ ಸುಧಕ್ಕನ ಗಂಡ. ಬಿ.ಎ. ಓದಿ ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಮಲ್ಲಿಪಟ್ಟಣದ ಮಾವನ ಮನೆಗೆ ಹೋದರೆ ಮೊದಲ ಹೋಳಿಗೆ ಅವನ ಎಲೆಗೆ, ಎರಡನೆಯದು ನನ್ನ ಎಲೆಗೆ. ಹೂರಣ ಒಂದೇ, ಆದರೂ ನನ್ನದು ಯಾಕೋ ಸಪ್ಪೆ.

ನಾನು ಗಾಲಿಕುರ್ಚಿಗೆ ಬಂದ ಕಥೆ ಚಿಕ್ಕದು. ಲಾರಿಯೊಂದರ ಟಾರ್ಪಾಲಿಗೆ ಅಳತೆ ತೆಗೆಯಲು ಮೇಲೆ ಹತ್ತಿದವನು ಏಣಿ ಬಿಟ್ಟು ಬೇರೆ ದಾರಿಯಲ್ಲಿ ಇಳಿದೆ. ಬೆನ್ನುಹುರಿಗೆ ಏಟು ಬಿತ್ತು. ಅಂದಿನಿಂದ ಸೊಂಟದ ಕೆಳಗೆ ಏನು ನಡೆದರೂ ನನಗೆ ಸುದ್ದಿ ಬರುವುದಿಲ್ಲ. ಹಾಗಾಗಿ ಮೂತ್ರಕೋಶಕ್ಕೆ ಒಂದು ಟ್ಯೂಬು, ಟ್ಯೂಬಿನ ತುದಿಗೆ ಒಂದು ಚೀಲ. ಬೇರೆಯವರು ಬೈಕಿನ ಆಯಿಲ್ ಬದಲಾಯಿಸಿಕೊಂಡ ಹಾಗೆ ನಾನು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಟ್ಯೂಬು ಬದಲಾಯಿಸಿಕೊಂಡು ಬರುತ್ತೇನೆ. ಟ್ಯೂಬು ಮಡಚಬಾರದು, ಚಕ್ರಕ್ಕೆ ಸಿಕ್ಕಬಾರದು, ಚೀಲ ಹೊಟ್ಟೆಗಿಂತ ಮೇಲೇರಬಾರದು. ಬೆಳಗ್ಗೆ ಎದ್ದು ಶಾಂತ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಚೀಲವನ್ನು. ತಿಳಿಯಾಗಿದ್ದರೆ ಕಾಫಿ. ಮಡ್ಡಿಯಾಗಿದ್ದರೆ ಕಾಫಿಗೆ ಮುಂಚೆ ಒಂದು ಚೊಂಬು ನೀರು, ಜೊತೆಗೆ ನಿನ್ನೆ ಎಷ್ಟು ನೀರು ಕುಡಿದೆ ಎಂಬ ವಿಚಾರಣೆ. ಅಂಗಡಿಗೆ ಬಂದವರೂ ಮಾತು ನನ್ನ ಹತ್ತಿರ ಆಡುತ್ತಾ ಕಣ್ಣು ಚೀಲದ ಮೇಲೆ ಇಡುತ್ತಿದ್ದರು. ಅದಕ್ಕೇ ಸೀಟಿನ ರೆಕ್ಸಿನ್ ಚೂರಿನಲ್ಲಿ ಅದಕ್ಕೊಂದು ಕವರು ಹೊಲಿದೆ. ಕೆಳಗೆ ಜಿಪ್ಪು, ಎಷ್ಟು ತುಂಬಿದೆ ಎಂದು ನೋಡಲು ಪಕ್ಕದಲ್ಲಿ ಒಂದು ಸೀಳು. ಹಾಸನದ ನರ್ಸಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಎಲ್ಲಿ ತಗೊಂಡಿರಿ ಎಂದು ಕೇಳಿದ ದಿನ ಏಳನೇ ಕ್ಲಾಸು ಪಾಸಾದಷ್ಟು ಸಂತೋಷವಾಯಿತು.

ಹೀಗಿರುವಾಗ ಯುಗಾದಿಗೆ ನಾಲ್ಕು ದಿನ ಮುಂಚೆ ಚಂದ್ರಶೇಖರಣ್ಣನಿಗೆ ಮೂತ್ರ ಕಟ್ಟಿಕೊಂಡಿತು. ಪ್ರಾಸ್ಟೇಟ್ ಊದಿದೆಯಂತೆ. ಹಾಸನದಲ್ಲಿ ಟ್ಯೂಬು ಹಾಕಿ, ಮಾತ್ರೆ ಕೊಟ್ಟು, ಹದಿನೈದು ದಿನ ಬಿಟ್ಟು ತೆಗೆದು ನೋಡೋಣ ಅಂದರಂತೆ. ದೇವರಾಣೆಗೂ ನನಗೆ ಅಯ್ಯೋ ಅನ್ನಿಸಿತು. ಅಯ್ಯೋದ ಬೆನ್ನಿಗೇ, ಸದ್ಯ ನನಗೂ ಒಬ್ಬ ಜೊತೆಗಾರ ಸಿಕ್ಕ ಅಂತಲೂ ಅನ್ನಿಸಿತು. ಆದರೆ ಅವನ ಟ್ಯೂಬಿಗೆ ಸಿಕ್ಕ ಮರ್ಯಾದೆ ನೋಡಬೇಕಿತ್ತು. ನೆಂಟರು ಕಾರು ಮಾಡಿಕೊಂಡು ಹೋಗಿ ಸೇಬು ಕೊಟ್ಟು ಬಂದರು. ಅತ್ತೆ ಹರಕೆ ಹೊತ್ತರು. ಇಷ್ಟು ವರ್ಷದಲ್ಲಿ ನನ್ನ ಟ್ಯೂಬಿಗೆ ಯಾರೂ ಒಂದು ಮೂಸಂಬಿ ತಂದಿರಲಿಲ್ಲ. ಇದನ್ನು ನಾನು ಸೂಚ್ಯವಾಗಿ ಫೋನಿನಲ್ಲಿ ಎತ್ತಿದೆ.

"ನಿಮ್ಗೆ ಅಭ್ಯಾಸ ಆಗೋಗದೆ ಕಣಪ್ಪ," ಅಂದರು ಅತ್ತೆ. "ಅವ್ರಿಗೆ ಪಾಪ, ಒಸದು."

ಮಾತು ಮುಗಿಸುವ ಮುಂಚೆ ಅವನಿಗೂ ಒಂದು ಕವರು ಹೊಲಿದು ತರಬೇಕೆಂದು ಅಪ್ಪಣೆಯೂ ಆಯಿತು. ಕೆಲಸದಲ್ಲಿ ಹಗೆ ಸಾಧಿಸುವವನಲ್ಲ ನಾನು. ಬುಲೆಟ್ ಸೀಟಿಗೆಂದು ತೆಗೆದಿಟ್ಟಿದ್ದ ಕಾಫಿ ಬಣ್ಣದ ರೆಕ್ಸಿನ್ ಕತ್ತರಿಸಿ, ಡಬಲ್ ಹೊಲಿಗೆ ಹಾಕಿ, ಅಂಚಿಗೆ ಬಿಳಿ ಪೈಪಿಂಗ್ ಕೊಟ್ಟೆ. ಮುಗಿಸಿ ನೋಡಿದರೆ ನನ್ನದಕ್ಕಿಂತ ಚೆನ್ನಾಗಿತ್ತು. ನಾನೇ ಹೊಲಿದ ಕವರು ಕಂಡು ನನಗೇ ಹೊಟ್ಟೆ ಉರಿಯಿತು.

ಹಬ್ಬದ ದಿನ ಮಲ್ಲಿಪಟ್ಟಣದ ಪಡಸಾಲೆಯಲ್ಲಿ ಇಬ್ಬರು ಅಳಿಯಂದಿರೂ ಅಕ್ಕಪಕ್ಕ ಕೂತೆವು, ಇಬ್ಬರಿಗೂ ಒಂದೊಂದು ಚೀಲ. ಎಲ್ಲರೂ ಕವರನ್ನು ಮುಟ್ಟಿ ನೋಡಿ ಹೊಗಳಿದರು. ಆ ಹೊಗಳಿಕೆಯಲ್ಲಿ ನಾಲಿಗೆ ಜಾರಿತು. ಅಂಗಡಿಯಲ್ಲಿ ಪ್ರತಿ ಗಿರಾಕಿಗೂ ಹೇಳುವ ಮಾತು ತಾನಾಗಿ ಬಂದುಬಿಟ್ಟಿತು.

"ಐದು ವರ್ಷ ಗ್ಯಾರಂಟಿ ಅಣ್ಣ."

ಸುಧಕ್ಕನ ಕಣ್ಣಲ್ಲಿ ಬಳಬಳ ನೀರು. ಡಾಕ್ಟ್ರು ಹದಿನೈದು ದಿನ ಅಂದವ್ರೆ, ಇವ್ರು ಐದು ವರ್ಷ ಅಂತವ್ರಲ್ಲ ಎಂದು ಸೆರಗು ಕಣ್ಣಿಗೊತ್ತಿಕೊಂಡಳು. ಅತ್ತೆ ನನ್ನ ಕಡೆ ತಿರುಗಿ, "ಬಿಡ್ತು ಅನ್ನಿ ಅಳಿಯಂದ್ರೆ," ಅಂದರು. ಕೆಟ್ಟ ಮಾತು ಬಾಯಿಂದ ಬಿದ್ದರೆ ಹಿಂದಕ್ಕೆ ತೆಗೆದುಕೊಳ್ಳಲು ನಮ್ಮಲ್ಲಿ ಇರುವುದು ಅದೊಂದೇ ಮದ್ದು. ಒಂದು ಮಾತು, ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೊಟ್ಟ ಗ್ಯಾರಂಟಿಯನ್ನು ನಾನು ಇವತ್ತಿನವರೆಗೆ ವಾಪಸು ತಗೊಂಡವನಲ್ಲ. ಅನ್ನಲಿಲ್ಲ.

ಹದಿನೈದನೆಯ ದಿನ ಹಾಸನದಲ್ಲಿ ಟ್ಯೂಬು ತೆಗೆದು, ನೀರು ಕುಡಿಸಿ, ಸಾಯಂಕಾಲದ ತನಕ ಕಾದರಂತೆ. ಒಂದು ತೊಟ್ಟೂ ಬರಲಿಲ್ಲವಂತೆ. ಮತ್ತೆ ಟ್ಯೂಬು ಹಾಕಿ ಇನ್ನೊಂದು ವಾರ ನೋಡೋಣ ಅಂದರಂತೆ. ಮಾವನ ಮನೆಯಿಂದ ನನಗೆ ಫೋನು ಬರುವುದು ನಿಂತುಹೋಯಿತು. ಈ ಸಲವೂ ಅವನಿಗೆ ಮೂತ್ರ ಬರದಿದ್ದರೆ ನನ್ನದು ಕರಿನಾಲಿಗೆ ಎಂದು ಶಾಶ್ವತವಾಗಿ ತೀರ್ಮಾನವಾಗುತ್ತಿತ್ತು. ಆ ಹೊಸಿಲು ನಾನು ಮತ್ತೆ ದಾಟುವ ಹಾಗಿರಲಿಲ್ಲ. ಶಾಂತ ಎರಡು ದಿನ ಚೀಲ ನೋಡಿ, ವಿಚಾರಣೆಯಿಲ್ಲದೆ ಕಾಫಿ ಇಟ್ಟು ಹೋದಳು. ಮೂರನೆಯ ದಿನ ಚೀಲ ಖಾಲಿ ಮಾಡುತ್ತಾ, ತಲೆ ಎತ್ತದೆಯೇ ಕೇಳಿದಳು.

"ಜೊತೆಗೆ ನಾನಿಲ್ವೇನ್ರೀ? ಚೀಲ ಹಾಕಿ ಭಾವನ್ನೂ ಕೂರಿಸ್ಕೋಬೇಕಾ?"

ವಾರ ತುಂಬಿದ ಬೆಳಗ್ಗೆ ಮಷಿನ್ ಮುಂದೆ ಕೂತೆ. ನನ್ನ ಮಷಿನ್ನಿನ ಪೆಡಲ್ ಇರುವುದು ಮೊಣಕೈ ಕೆಳಗೆ. ಅದನ್ನು ಪೂರ್ತಿ ಒತ್ತಿ ಹಿಡಿದು, ಆ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ "ಬಿಡ್ತು" ಅಂದೆ. ದಾರ ಕಿತ್ತುಹೋಯಿತು. ಮಧ್ಯಾಹ್ನ ಶಾಂತ ಫೋನು ಹಿಡಿದುಕೊಂಡೇ ಅಂಗಡಿಗೆ ಬಂದಳು. ಭಾವನಿಗೆ ಸಲೀಸಾಗಿ ಹೋಯಿತಂತೆ. ಮಲ್ಲಿಪಟ್ಟಣದಲ್ಲಿ ಬೀದಿಗೆಲ್ಲ ಸಕ್ಕರೆ ಹಂಚಿದರಂತೆ. ಮೊಮ್ಮಗ ಹುಟ್ಟಿದಾಗಲೂ ನಮ್ಮ ಅತ್ತೆ ಅಷ್ಟು ಹಂಚಿರಲಿಲ್ಲ.

ಮುಂದಿನ ಭಾನುವಾರ ಚಂದ್ರಶೇಖರಣ್ಣ ಮೈಸೂರುಪಾಕಿನ ಡಬ್ಬಿ ಹಿಡಿದು ಅಂಗಡಿಗೆ ಬಂದ. ಕವರನ್ನು ತೊಳೆದು ಒಣಗಿಸಿ ತಂದಿದ್ದ. ಕೂತು, ಆ ಕಡೆ ಈ ಕಡೆ ನೋಡಿ ಹೇಳಿದ.

"ನಗಬೇಡ ನಂಜುಂಡ. ಅಲ್ಲಿಂದ ಇಲ್ಲಿಗೆ ಬರೋದ್ರೊಳಗೆ ನಾಲ್ಕು ಕಡೆ ಕಾರು ನಿಲ್ಲಿಸ್ದೆ. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣಯ್ಯ. ಆರಾಮಾಗಿ ಕೂತಿದ್ದೀಯ."

ಮದುವೆಯಾದಂದಿನಿಂದ ಕಾದಿದ್ದ ಮಾತು. ಬಿ.ಎ. ಓದಿದವನು ನನ್ನ ಕಂಡು ಕರುಬಿದ. ಎದೆಯುಬ್ಬಿಸಿ ಏನಾದರೂ ಹೇಳುವಷ್ಟರಲ್ಲಿ ಅವನು ಕಾಫಿ ಲೋಟ ಕೆಳಗಿಟ್ಟು ಅಂಗಡಿ ಹಿಂದಕ್ಕೆ ಓಡಿದ. ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದ. ಆ ಮುಖ ನೋಡಬೇಕಿತ್ತು, ಕಣ್ಣು ಅರ್ಧ ಮುಚ್ಚಿ, ಹಾ ಎಂದು ಒಂದು ಉಸಿರು. ಆ ಉಸಿರು ಹೇಗಿರುತ್ತದೆ ಎಂಬುದು ನನಗೆ ಮರೆತೇಹೋಗಿದೆ. ಮೈಸೂರುಪಾಕಿನ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟು: ಹೊಲಿಗೆ ಮಷಿನ್ ಎರಡು, ಗಾಲಿಕುರ್ಚಿ ಒಂದು, ಹೆಂಡತಿ ಒಬ್ಬಳು, ಷಡ್ಡಕ ಒಬ್ಬ, ಚೀಲ ಒಂದು, ಕವರು ಎರಡು.