ದಾರ ಹಿಡಿದು ಲಂಡನ್ನಿಗೆ

ನಾನು ವಿಮಾನವನ್ನು ಹತ್ತಿರದಿಂದ ನೋಡಿದವನೇ ಅಲ್ಲ. ಆದರೂ ಆ ಕಾಲದಲ್ಲಿ ತುಮಕೂರಿನ ಸುತ್ತಮುತ್ತ ಯಾರ ಮನೆಯವರು ವಿಮಾನ ಹತ್ತಿದರೂ ವಿಚಾರಣೆ ನನ್ನ ಹತ್ತಿರವೇ ಬರುತ್ತಿತ್ತು. ತಪ್ಪು ನನ್ನದೇ. ಹೈಸ್ಕೂಲಿನ ಭೂಗೋಳದ ಮೇಷ್ಟ್ರು ನಾನು; ಗ್ಲೋಬಿನ ಮೇಲೆ ದಾರ ಹಿಡಿದು ದೂರ ಅಳೆದು, ವಿಮಾನ ಎಷ್ಟು ಹೊತ್ತಿಗೆ ತಲುಪುತ್ತೆ ಅಂತ ಹೇಳಬಲ್ಲೆ ಎಂದು ಒಮ್ಮೆ ಜಂಬ ಕೊಚ್ಚಿಕೊಂಡಿದ್ದೆ.

ಗುಬ್ಬಿಯವರು

ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಅಳಿಯ ಕಲ್ಕತ್ತಾಗೆ ಹಾರುವವನಿದ್ದ. ನಾನು ದಾರ ಹಿಡಿದೆ. ಅವರು ಗ್ಲೋಬಿಗೆ ಮೂಗು ತಾಗಿಸಿ, "ಗುಬ್ಬಿ ಎಲ್ಲೈತೆ?" ಅಂದರು.

"ಇದರಲ್ಲಿ ಹಾಕಿಲ್ಲ ಯಜಮಾನ್ರೇ."

"ಇಲ್ಲೇ ಪಕ್ಕದಲ್ಲಿರೋ ಗುಬ್ಬಿ ಗೊತ್ತಿಲ್ದೋನು ಕಲ್ಕತ್ತಾ ಎಲ್ಲೈತೆ ಅಂತ ಏನ್ ಹೇಳ್ಯಾನು? ಬುಡಿ ಬುಡಿ!"

ಕುಣಿಗಲ್ ಬಸ್ಸು

ಕುಣಿಗಲ್ ಬಸ್ಸಿನ ಕಂಡಕ್ಟರಿಗೆ ನಾನೇ ಹೇಳಿದೆ, "ನೋಡಪ್ಪ, ಬೆಂಗಳೂರಿಂದ ಡೆಲ್ಲಿಗೆ ಸಾವಿರ ಮೈಲಿ. ವಿಮಾನಕ್ಕೆ ಕೆಲವೇ ಗಂಟೆ. ನೀವು ಇಪ್ಪತ್ತು ಚಿಲ್ಲರೆ ಮೈಲಿಗೆ ಎರಡು ಗಂಟೆ ತಗೋತೀರಿ."

ಅವನು ಬೇಸರ ಮಾಡಿಕೊಳ್ಳಲಿಲ್ಲ. "ಅವ್ರಿಗೇನ್ ಸಾರ್, ದಾರೀಲಿ ಕೈ ಅಡ್ಡ ಹಾಕೋರಿಲ್ಲ."

ನೆಲ ಮುಟ್ಟೋವರೆಗೂ

ನಮ್ಮ ಬೀದಿಯ ಒಬ್ಬ ತಾಯಿಯ ಮಗ ಬೊಂಬಾಯಿಯಿಂದ ಲಂಡನ್ನಿಗೆ ಓದಲು ಹೊರಟು ನಿಂತ. "ನನ್ನ ಮಗ ನೆಲ ಮುಟ್ಟೋವರೆಗೂ ನಾನು ಒಂದು ತೊಟ್ಟು ನೀರೂ ಮುಟ್ಟಲ್ಲ" ಎಂದು ಆಕೆ ದೇವರ ಮುಂದೆ ಹೇಳಿಬಿಟ್ಟರು. ಏಕಾದಶಿಗೇ ತಲೆ ಸುತ್ತಿ ಬೀಳುವ ಜೀವ ಅದು. ಹೊರಡುವ ಮುಂಚೆ ಹುಡುಗ ಬಂದು, "ಸಾರ್, ಹೇಗಾದ್ರೂ ಮಾಡಿ ಅಮ್ಮನ್ನ ಕಾಪಾಡಿ" ಅಂತ ಕಣ್ಣೀರು ಹಾಕಿದ. ನನಗೂ ದಿಗಿಲಾಯಿತು.

ರಾತ್ರಿಯೆಲ್ಲ ದಾರ ಎಳೆದೆ. ವಿಮಾನ ಮಧ್ಯೆ ಕೈರೋದಲ್ಲಿ, ರೋಮಿನಲ್ಲಿ ಇಳಿಯುತ್ತೆ. ಸಿಕ್ಕಿತಲ್ಲ ದಾರಿ! ವಿಮಾನ ಹಾರಿದ ದಿನ ನಮ್ಮ ಗಡಿಯಾರದ ಲೆಕ್ಕ ಹಾಕಿಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಅವರ ಮನೆಗೆ ಹೋದೆ. "ಅಮ್ಮಾ, ಕೈರೋದಲ್ಲಿ ನೆಲ ಮುಟ್ಟಿದ. ಒಂದು ಗಂಟೆ ಟೈಮಿದೆ, ಬೇಗ ತಿನ್ನಿ."

ಆಕೆ ಉಪ್ಪಿಟ್ಟು ತಿಂದರು. ಹನ್ನೆರಡಕ್ಕೆ ಮತ್ತೆ ಉಪವಾಸ. ಮೂರಕ್ಕೆ ರೋಮು, ಕಾಫಿ. ನಾಲ್ಕಕ್ಕೆ ಲೋಟ ಕೆಳಗೆ. ಸಂಜೆ ಏಳಕ್ಕೆ ಲಂಡನ್ ಮುಟ್ಟಿದ ಅಂದೆ. ಖುಷಿಯಲ್ಲಿ ಹೋಳಿಗೆ ಮಾಡಿದ್ದರು. ನನಗೂ ಎರಡು ಬಡಿಸಿದರು. ಅಂಥ ನೆಮ್ಮದಿಯ ಊಟ ನಾನು ಕಂಡಿಲ್ಲ.

ವಾರದ ಮೇಲೆ ಕಾಗದ ಬಂತು. ನಾನೇ ಓದಿದೆ. ಕ್ಷೇಮ. ಆದರೆ ಕೈರೋದಲ್ಲಿ ವಿಮಾನಕ್ಕೆ ಏನೋ ರಿಪೇರಿಯಾಗಿ ಅಲ್ಲೇ ಏಳು ಗಂಟೆ ಹೆಚ್ಚಿಗೆ ನಿಂತಿತ್ತಂತೆ.

ಆಕೆ ಬೆರಳು ಮಡಚಿ ಎಣಿಸಿದರು. "ಅಯ್ಯೋ ಶಿವನೇ! ಹಾಗಾದ್ರೆ ನಾನು ಉಪವಾಸ ಇದ್ದಾಗ ಅವನು ನೆಲದ ಮೇಲಿದ್ದ. ಹೋಳಿಗೆ ತಿನ್ನೋವಾಗ ಆಕಾಶದಲ್ಲಿದ್ದ!"

ಇನ್ನು ಪ್ರಾಯಶ್ಚಿತ್ತ ಅಂತ ಎಷ್ಟು ದಿನ ಉಪವಾಸ ಕೂರುತ್ತಾರೋ ಅಂತ ಹೆದರಿದೆ.

ಆಕೆ ಕಣ್ಣೊರೆಸಿಕೊಂಡು ಹೇಳಿದರು: "ಅವನು ವಾಪಸ್ ಬರೋವಾಗ್ಲೂ ಹೋಳಿಗೆನೇ ಮಾಡ್ತೀನಿ ಮೇಷ್ಟ್ರೇ. ಕ್ಷೇಮವಾಗಿ ಇಳಿಸಿದ್ದು ಅದೇ ತಾನೇ!"