ಮುಚ್ಚಳದ ಮೇಲಿನ ಹೆಸರು

ತಿಳಿದವರು ಹೇಳಬೇಕಾದ ಸಂಗತಿಗೆ ನಾನು ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಬೇಕು. ಮನುಷ್ಯನ ರಕ್ತಕ್ಕೆ ಪ್ಲಾಸ್ಟಿಕ್ಕಿನ ಚೂರು ಹೇಗೆ ಸೇರುತ್ತದೆಂದು ನನಗೆ ಸರಿಯಾಗಿ ಅರ್ಥವಾಗಿಲ್ಲ. ಭಾಲ್ಕಿಯ ಶಾಲಾ ಗುಮಾಸ್ತ ಜ್ಞಾನೇಶ್ವರನ ಊಟದ ಡಬ್ಬಿ ಹೇಗೆ ಕೈತಪ್ಪಿ ಹೋಯಿತು ಎಂಬುದಷ್ಟೇ ಗೊತ್ತು.

ಅದು ಸ್ಟೀಲ್ ಡಬ್ಬಿ. ಮದುವೆಯಲ್ಲಿ ಅವನ ಅವ್ವ ಕೊಟ್ಟದ್ದು. ಮುಚ್ಚಳದ ಮೇಲೆ ‘ಜ್ಞಾನೇಶ್ವರ’ ಎಂದು ಕೆತ್ತಿಸಿದ್ದಳು. ಎದುರುಮನೆಯ ನಂದಕುಮಾರ ಬೀದರಿನಲ್ಲಿ ಯಾವುದೋ ಸಂಶೋಧನೆಗೆ ರಕ್ತ ಕೊಟ್ಟು, ಅದರಲ್ಲಿ ಹತ್ತೊಂಬತ್ತು ಪ್ಲಾಸ್ಟಿಕ್ ಚೂರು ಇವೆಯೆಂಬ ಚೀಟಿ ತಂದ ದಿನದಿಂದ ಓಣಿಗೆ ಓಣಿಯೇ ಅವನ ಸೇವೆಗೆ ನಿಂತಿತು. ಅವನ ಹೆಂಡತಿ ಹೆರಿಗೆಗೆಂದು ಔರಾದದ ತವರಿಗೆ ಹೋಗಿದ್ದಳು. ಅಲ್ಲಿಂದ ಅತ್ತೆ ತಾಮ್ರದ ಕೊಡ ಕಳಿಸಿದಳು. ಜ್ಞಾನೇಶ್ವರನ ಹೆಂಡತಿ ಜನಾಬಾಯಿ ದಿನವೂ ನಂದಕುಮಾರನಿಗೆ ಗಂಡನ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಕಳಿಸತೊಡಗಿದಳು. ಗಂಡನ ಊಟಕ್ಕೆ ಮಾತ್ರ ಹಿಂದೊಮ್ಮೆ ಪೇಢೆ ತುಂಬಿ ಬಂದಿದ್ದ ಪ್ಲಾಸ್ಟಿಕ್ ಡಬ್ಬಿ.

ಹದಿನೈದನೆಯ ದಿನ ಬೆಳಿಗ್ಗೆ ಜ್ಞಾನೇಶ್ವರ ಹೆಂಡತಿಯನ್ನು ಕೇಳಿಯೇಬಿಟ್ಟ: “ನನ್ನ ಡಬ್ಬಿ ಯಾವಾಗ ಬರ್ತದ?”

“ಪಾಪ, ಅವರ ಮೈಯಾಗ ಹತ್ತೊಂಬತ್ತು ಅದಾವ್ರಿ. ನಿಮ್ಮ ಮೈಯಾಗ ಏನದ?”

ಆ ಮಾತು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಟಕ್ಕೆಂದಿತು. ಬೀದರಿನ ಆ ಸಂಶೋಧನೆಗೆ ರಕ್ತ ಕೊಡಲು ಅದೇ ಕೊನೆಯ ದಿನ. ಹೊಟ್ಟೆನೋವೆಂದು ಹೆಡ್‌ಮಾಸ್ತರಿಗೆ ಫೋನು ಮಾಡಿ ಅವನು ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಓಡಿದ.

“ಬದ್ರೋದ್ದೀನಭಾಯಿ, ಗಿಲಾಸ್ ಬ್ಯಾಡ. ಚಹಾ ಪ್ಲಾಸ್ಟಿಕ್ ಚೀಲದಾಗ ಹಾಕ್ರಿ.”

“ಇಲ್ಲೇ ಕುಡೀಲಾಕ ಚೀಲ ಯಾಕ್ರಿ ಸಾಹೇಬ?”

“ಹಾಕ್ರಿ. ಛಲೋ ಬಿಸಿ ಇರ್ಲಿ.”

ಚೀಲದ ಮೂಲೆ ಕಚ್ಚಿ, ಕರುವಿನಂತೆ ಮೂರು ಚಹಾ ಹೀರಿದ. ನಾಲಿಗೆ ಸುಟ್ಟಿತು. ನಾಲ್ಕನೆಯದನ್ನು ಹಿಡಿದು ಬಸ್ಸು ಹತ್ತಿದ. ಮೊದಲ ಗುಂಡಿಗೇ ಚೀಲ ಒಡೆದು ಪಕ್ಕದವರ ಬಿಳಿ ಧೋತರ ಚಹಾಬಣ್ಣಕ್ಕೆ ತಿರುಗಿತು. ಧೋತರದ ಮೇಲಿದ್ದ ಮುಖ ಹೆಡ್‌ಮಾಸ್ತರ್ ಮಲ್ಲಿಕಾರ್ಜುನಪ್ಪನವರದು.

“ಹೊಟ್ಟಿನೋವು ಅಂದಿದ್ರಲ್ರಿ?”

“ಅದಕ್ಕೇ ಚಹಾ, ಸರ್.”

“ಹಂಗಾದ್ರ ನಾಳಿನೂ ಮನ್ಯಾಗೇ ಇರ್ರಿ. ನಾಡಿದ್ದು ಬಂದು ನೋಟಿಸ್ ತಕ್ಕೊಂಡು ಹೋಗ್ರಿ.”

ನೋಟಿಸಿನ ಚಿಂತೆಯೂ ಅವನಿಗೆ ತಟ್ಟಲಿಲ್ಲ. ಬೀದರಿನಲ್ಲಿ ರಕ್ತ ಕೊಟ್ಟು ಸಂಜೆಯವರೆಗೆ ಬೆಂಚು ಕಾಯ್ದ. ಚೀಟಿ ಬಂತು: ಮೂವತ್ತೊಂದು.

“ಹೆದರಬ್ಯಾಡ್ರಿ,” ಎಂದರು ಡಾಕ್ಟರು. “ಎಷ್ಟಿದ್ರ ಏನಾಗ್ತದಂತ ನಮಗೂ ಇನ್ನಾ ಪೂರಾ ಗೊತ್ತಿಲ್ಲ.”

ಹೆದರುವುದೇ? ಮಗ ಪಾಸಾದಂತೆ ಚೀಟಿಯನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ಅವನು ಊರಿಗೆ ಮರಳಿದ.

ಅವನ ಮನೆಯ ಅಂಗಳದಲ್ಲಿ ನಂದಕುಮಾರ ಕುಳಿತಿದ್ದ, ತೊಡೆಯ ಮೇಲೆ ಡಬ್ಬಿ. ಎರಡನೇ ಸಲದ ಪರೀಕ್ಷೆಗೆ ಅವನೂ ಬೆಳಿಗ್ಗೆಯೇ ಬೀದರಿಗೆ ಹೋಗಿ ಮಧ್ಯಾಹ್ನ ಬಂದಿದ್ದನಂತೆ. ಪಕ್ಕದ ಮನೆಯ ಶೇವಂತಾಬಾಯಿ ಕನ್ನಡಕ ಏರಿಸಿ ಇಬ್ಬರ ಚೀಟಿಯನ್ನೂ ಜೋಡಿಸಿ ನೋಡಿದಳು.

“ಸ್ಟೀಲಿನಾಗ ಉಂಡಾವಂದು ಹತ್ತೊಂಬತ್ತು ಇದ್ದದ್ದು ಹದಿನಾಲ್ಕಕ್ಕ ಇಳದದ. ಪ್ಲಾಸ್ಟಿಕ್ಕಿನಾಗ ಉಂಡಾವಂದು ಮೂವತ್ತೊಂದು. ಇನ್ನ ಡಾಕ್ಟರ್ ಯಾಕ ಬೇಕು?”

ಜ್ಞಾನೇಶ್ವರ ಕೈ ಚಾಚಿದ. “ಹಂಗಾದ್ರ ನನ್ನ ಡಬ್ಬಿ ಕೊಡ್ರಿ.”

“ಈಗ ಕಸ್ಕೊಂಡ್ರ ಅವರಿಗಿ ಮತ್ತ ಏರ್ತದ್ರಿ,” ಎಂದಳು ಜನಾಬಾಯಿ. “ಮನ್ಯಾಗ ಕೂಸು ಬರೋದದ. ನೀವಂತೂ ಹ್ಯಾಂಗೂ ತುಂಬೀರಿ.”

ನಂದಕುಮಾರ ತಲೆ ತಗ್ಗಿಸಿದ. “ಸಿಟ್ಟಾಗಬ್ಯಾಡ್ರಿ ಅಣ್ಣಾ. ಇಳದದ ಅಂತ ಕೇಳಿ, ಮಧ್ಯಾಹ್ನ ಜನಾಬಾಯಿ ಅಕ್ಕನೇ ಇದನ್ನ ಬಾಂಡೆಸಾಮಾನಿನ ಅಂಗಡಿ ಮಕ್ಬೂಲನ ಹತ್ರ ಒಯ್ದಿದ್ಳು,” ಎಂದು ಮುಚ್ಚಳ ತೋರಿಸಿದ.

‘ಜ್ಞಾನೇಶ್ವರ’ದ ಮೇಲೆ ಅಡ್ಡಗೆರೆ. ಕೆಳಗೆ, ಹೊಸ ಹೊಳಪಿನಲ್ಲಿ, ‘ನಂದಕುಮಾರ’.

ಆ ಮೂವತ್ತೊಂದು ಚೂರು ಪೇಢೆಯ ಡಬ್ಬಿಯಿಂದ ಬಂದವೋ, ಚಹಾದ ಚೀಲದಿಂದಲೋ, ಮೊದಲೇ ಇದ್ದವೋ, ಮೈಯೊಳಗೆ ಈಗ ಏನು ಮಾಡುತ್ತಿವೆಯೋ, ನನಗೆ ಗೊತ್ತಿಲ್ಲ. ನಂದಕುಮಾರನದು ಇಳಿದದ್ದು ಡಬ್ಬಿಯಿಂದಲೇ ಎಂದೂ ಹೇಳಲಾರೆ.